ವಸಂತಾ ಆಂಟಿಯ ರೈಲು ನಿಲ್ದಾಣ

ಹಳೆಯ ಮರಕ್ಕೆ ಎಣ್ಣೆ ಹಚ್ಚಿದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಮೊನ್ನೆ ಶನಿವಾರ ಮಗಳನ್ನು ಕರೆದುಕೊಂಡು ನಾವಿರುವ ಕ್ಯಾರಲ್ಟನ್ನಿನ ಹಳೇಪೇಟೆಗೆ ಹೋದಾಗ, ರೈಲು ನಿಲ್ದಾಣದ ಬಾಗಿಲು ತೆರೆಯುತ್ತಲೇ ಅದು ಮೂಗಿಗೆ ಬಡಿಯಿತು. ಜೊತೆಗೇ ವಸಂತಾ ಆಂಟಿ ನೆನಪಾದರು.

ಆಂಟಿ ಧಾರವಾಡದವರು. ಈ ಪರದೇಶದಲ್ಲಿ ತೊಗರಿಬೇಳೆಯೂ ಸಿಗದ ಕಾಲದಲ್ಲಿ ಮದುವೆಯಾಗಿ ಬಂದವರು. ಅಂಕಲ್ ತೀರಿಕೊಂಡ ಮೇಲೆ ಭಾನುವಾರದ ದಿನಸಿಗೆ ನನ್ನ ಕಾರಿನಲ್ಲೇ ಬರುತ್ತಿದ್ದರು. ವಾಪಸು ಬರುವಾಗ ನಿಲ್ದಾಣದ ಬಳಿಯ ಈ ಚೌಕದಲ್ಲಿ ಗಾಡಿ ನಿಲ್ಲಿಸಲೇಬೇಕು. ಹತ್ತಿ ತುಂಬಿದ ಬಂಡಿಗಳು ಎಲ್ಲಿ ನಿಲ್ಲುತ್ತಿದ್ದವು, ಯಾವ ಅಂಗಡಿ ಮೊದಲು ಬ್ಯಾಂಕಾಗಿತ್ತು, ಎಲ್ಲ ಹೇಳುವರು. ಮೈಸೂರಿನವಳಾದ ನನಗೆ ಅರಮನೆಯ ಜಂಬ. ನೂರು ವರ್ಷದ್ದೂ ಒಂದು ಇತಿಹಾಸವೇ ಎಂದು ಒಳಗೊಳಗೇ ನಗು. ಮೇಲಾಗಿ ಡಿಕ್ಕಿಯಲ್ಲಿರುವ ಹಾಲಿನ ಚಿಂತೆ ಬೇರೆ.

ಒಂದು ವರ್ಷ ಆ ನಿಲ್ದಾಣವನ್ನು ಕೆಡವಿ ಪಾರ್ಕಿಂಗ್ ಮಾಡುವ ಮಾತು ಬಂತು. ಊರವರ ಅಭಿಪ್ರಾಯ ಕೇಳಲು ಸಭೆ ಕರೆದರು. ಆಂಟಿಯನ್ನು ಕರೆದುಕೊಂಡು ಹೋದ ನಾನು ಹಿಂದಿನ ಸಾಲಿನಲ್ಲಿ ಕೂತು ಫೋನ್ ನೋಡುತ್ತಿದ್ದೆ.

ಆಂಟಿಯ ಸರದಿ ಬಂದಾಗ ಹತ್ತಿ ಬಂಡಿಗಳ ಕಥೆಯೇ ಬರುತ್ತದೆ ಎಂದುಕೊಂಡಿದ್ದೆ. ಮೈಕಿನ ಮುಂದೆ ಅವರು ತಮ್ಮ ಇಂಗ್ಲಿಷಿನಲ್ಲಿ, ಅವಸರವಿಲ್ಲದೆ, ಬೇರೆಯದನ್ನೇ ಹೇಳಿದರು. ಬಂದ ಮೊದಲ ವರ್ಷ ಹುಟ್ಟಿದ ಹೆಣ್ಣುಮಗು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲವಂತೆ. ಅಂಕಲ್ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಇರಲಾಗದು, ಕಾರು ಓಡಿಸಲು ಬಾರದು. ನಡೆದು ತಲುಪಬಹುದಾದ ನೆರಳೆಂದರೆ ಈ ನಿಲ್ದಾಣ. ಮಧ್ಯಾಹ್ನವಿಡೀ ಅಲ್ಲಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದರಂತೆ. ನಿಲ್ದಾಣವನ್ನು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಏನೂ ಕೇಳದೆ ಪಕ್ಕದಲ್ಲಿ ನೀರಿಟ್ಟು ಹೋಗುತ್ತಿದ್ದರಂತೆ. ಆ ಮಗುವಿಗಾಗಿ ಅತ್ತ ಜಾಗ ಅದೊಂದೇ, ಉಳಿಸಿಕೊಡಿ ಎಂದು ಹೇಳಿ ಬಂದು ಕೂತರು.

ವಾಪಸು ಬರುವಾಗ ಅವರೇ ಅಂದರು, "ಇಷ್ಟ ಜನರ ಮುಂದ ಹೇಳಬಾರದಿತ್ತೋ ಏನೋ. ಆದ್ರ ಅದು ಬೀಳೂದು ನನಗ ನೋಡಲಿಕ್ಕೆ ಆಗ್ತಿರಲಿಲ್ಲ ನೋಡವಾ."

ನಿಲ್ದಾಣ ಉಳಿಯಿತು. ಅವರ ಮಾತಿನಿಂದಲೇ ಎಂದು ಹೇಳಲಾರೆ. ಆದರೆ ಅವರ ನಂತರ ಎದ್ದವರು ಯಾರೂ ಪಾರ್ಕಿಂಗ್ ಮಾತೆತ್ತದೆ ತಂತಮ್ಮ ನೆನಪುಗಳನ್ನೇ ಹೇಳಿಕೊಂಡಿದ್ದರು. ಮುಂದೆ ಆಂಟಿ ಹ್ಯೂಸ್ಟನ್ ಕಡೆ, ಮಿಸೌರಿ ಸಿಟಿಯ ತಂಗಿಯ ಮನೆಗೆ ಶಿಫ್ಟ್ ಆದರು.

ಮೊನ್ನೆ ಇದನ್ನೆಲ್ಲ ಮಗಳಿಗೆ ಹೇಳಿದೆ. ಆ ಮಗುವಿನ ಹೆಸರೇನು ಎಂದು ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಅಲ್ಲೇ ನಿಂತು, ಫೋನ್ ಸ್ಪೀಕರಿಗೆ ಹಾಕಿ, ಆಂಟಿಗೆ ಕರೆ ಮಾಡಿದೆ.

ಮಗಳ ಪ್ರಶ್ನೆಯನ್ನು ಅವರ ಮುಂದಿಟ್ಟೆ.

"ಗೌರಿ ಅಂತ ಇಟ್ಟಿದ್ವಿ," ಎಂದರು.

"ಗೌರಿ," ಎಂದು ಮಗಳು ಮೆಲ್ಲಗೆ ಅಂದುಕೊಂಡಳು.

ಆಂಟಿಗೆ ಅದು ಕೇಳಿಸಿರಬೇಕು. "ಇನ್ನೊಮ್ಮೆ ಹೇಳವಾ," ಎಂದರು.