ಮೈದುನನಿಗೆ ಗಾಳಿ ಹಿಡಿದ ದಿನ

ಬೆಳಿಗ್ಗೆ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಕೌದಿ ಒಗೆಯಲು ಅತ್ತೆಯೊಡನೆ ಅತನೂರಿನ ಕೆರೆಗೆ ಹೋದೆ. ಅಲ್ಲಿ ಮೈದುನ ಶರಣಪ್ಪ ಕಾಲೇಜು ಗೆಳೆಯರೊಡನೆ ಹಾಯಿ ಕಟ್ಟಿದ ಹಲಗೆಗಳ ಪಂದ್ಯ ಹೂಡಿದ್ದ. ಒಬ್ಬೊಬ್ಬರಾಗಿ ಹಲಗೆಯ ಮೇಲೆ ನಿಂತು ಕೆರೆ ದಾಟಬೇಕು. ಬೇಗ ದಾಟಿದವನೇ ಗೆದ್ದಂತೆ. ಶರಣಪ್ಪನ ಸರದಿಯಲ್ಲಿ ಹಾಯಿ ಉಬ್ಬಿತು. "ಶರಣ್ಯಾಗ ಗಾಳಿ ಹಿಡೀತಲೇ!" ಎಂದು ಗೆಳೆಯರು ಕೂಗಿದರು.

ದೆವ್ವ ಬಡಿಯಿತೆಂದೇ ತಿಳಿದ ಅತ್ತೆ ನೀರಿಗಿಳಿದು, ದಡ ಮುಟ್ಟಿದ ಮಗನ ಹಣೆಗೆ ಸೆರಗಿನ ಗಂಟಿನಲ್ಲಿದ್ದ ವಿಭೂತಿ ಬಳಿದರು. ಅದೇ ಹೊತ್ತಿಗೆ ಕೆರೆಯ ಗಾಳಿಯೂ ನಿಂತಿತು. ಆಗಲೇ ಹೊರಟಿದ್ದ ಕೊನೆಯ ಸರದಿಯ ಗೆಳೆಯ ನಡುನೀರಲ್ಲೇ ಸಿಕ್ಕಿಕೊಂಡು ಅರಚಿದ: "ಯವ್ವಾ, ನನ್ನ ಗಾಳೀನೂ ಬಿಡಿಸಿಬಿಟ್ರಲ್ರೀ!"

ಹೀಗೆ ಶರಣಪ್ಪ ಗೆದ್ದ. ಅತ್ತೆಗೆ ಮಾತ್ರ ಮಗ ಉಳಿದದ್ದೇ ಸಂಭ್ರಮ. ಅಂದು ಎಲ್ಲರಿಗೂ ಗೋಧಿ ಹುಗ್ಗಿ; ಸೋತವನೇ ಎರಡು ಸಲ ಹಾಕಿಸಿಕೊಂಡ. ಮೊದಲು ನಿದ್ದೆ ಹೋದವರು ಅತ್ತೆ, ನಿಶ್ಚಿಂತೆಯಿಂದ.