ಲಕ್ಷ್ಮೀಪುರಂನ ಮಣ್ಣಿನ ಚಿರತೆ

ಆ ಫೋಟೊದ ಚಿರತೆ ಮಣ್ಣಿನದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದು ನಮ್ಮ ಪತ್ರಿಕೆಯ ಮೊದಲ ಪುಟಕ್ಕೆ ಹೋಗುವಾಗ ಸುಮ್ಮನಿದ್ದೆ. ಸಿಕ್ಕಿಬಿದ್ದಾಗ ತಪ್ಪನ್ನು ಗೆಳೆಯ ಮಹದೇವನ ಮೇಲೆ ಹಾಕಿದೆ. ವಿಷಯ ಇಷ್ಟೇ. ಉಳಿದದ್ದು ವಿವರ — ಆದರೆ ಆ ವಿವರವನ್ನು ಇಷ್ಟು ವರ್ಷ ಬಚ್ಚಿಟ್ಟೇ ಬದುಕಿದೆ.

ಮಹದೇವ ಆಗ ಜಯಲಕ್ಷ್ಮಿಪುರಂನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರಗಳಲ್ಲಿ ನಾವಿಬ್ಬರೂ ಮೊಬೈಲಿನಲ್ಲೇ ಕಿರುಚಿತ್ರವೊಂದನ್ನು ತೆಗೆಯುತ್ತಿದ್ದೆವು — ದಾರಿ ತಪ್ಪಿ ಊರೊಳಗೆ ಬಂದ ಚಿರತೆಯ ಕಥೆ. ಅದಕ್ಕಾಗಿ ಅವನು ತನ್ನ ಮನೆಯ ತಾರಸಿಯ ಮೇಲೆ ಲಕ್ಷ್ಮೀಪುರಂನಂಥ ಒಂದು ಬೀದಿಯನ್ನೇ ಕಟ್ಟಿದ. ರಟ್ಟಿನ ಮನೆಗಳು, ಐಸ್‌ಕ್ರೀಂ ಕಡ್ಡಿಯ ಕಿಟಕಿಗಳು, ಗೋಡೆಯ ಪಾಚಿಗೆ ಹಸಿರು ಬಣ್ಣ ಕಲಸಿ ಒಣಗಿಸಿದ ಮರದ ಹೊಟ್ಟು. ಕಾಂಪೌಂಡಿನ ಮೇಲೆ ಬೆರಳುದ್ದದ ಚಿರತೆ. ಫೋನನ್ನು ನೆಲಕ್ಕೆ ತಾಗಿಸಿ ಹಿಡಿದರೆ, ಹಿಂದಿನ ತೆಂಗಿನಮರವೂ ಸಂಜೆಯ ಬಾನೂ ಸೇರಿ, ಬೀದಿ ನಿಜದ್ದೇ ಆಗಿಬಿಡುತ್ತಿತ್ತು.

"ಎಂಗಿದೆ ನೋಡ್ಲಾ," ಎಂದು ಫೋಟೊ ಕಳಿಸಿದ. ತಮಾಷೆಗೆಂದು ಅದನ್ನು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಪಾದಕರು ಎದ್ದೇ ಬಂದರು.

"ಭೇಷ್ ಕಣಯ್ಯಾ! ಯಾರು ತೆಗೆದಿದ್ದು?"

"ನನ್ನ ಸ್ನೇಹಿತ ಸರ್."

ಅಲ್ಲಿಗೇ ನಿಲ್ಲಿಸಿದೆ. ಅವರು ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು. ಇನ್ನೊಂದು ಮಾತು ಆಡಿದ್ದರೆ —

ಮರುದಿನ ಫೋಟೊ 'ಲಕ್ಷ್ಮೀಪುರಂನಲ್ಲಿ ಚಿರತೆ' ಎಂಬ ತಲೆಬರಹದಡಿ ಅಚ್ಚಾಯಿತು. ಅಲ್ಲಿ ಬೆಳಗಿನ ವಾಕಿಂಗ್ ನಿಂತಿತು. ಮನೆಮನೆಗೆ ಹೂ ತರುವ ಹೆಂಗಸರು ಬರಲಿಲ್ಲ. ಬೋನು ಬಂತು. ಮಹದೇವ ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದ.

"ಊರೆಲ್ಲ ನಂಬ್ಬುಡ್ತಲ್ಲಲಾ! ನನ್ ಚಿರತೆಗೆ ಬೋನು ತಂದವ್ರಂತೆ! ಸಾಕು, ಏಳ್ಬುಡು ಕಣ್ಲಾ, ಪಾಪ ಜನ ಎದ್ರುಕೊಂಡವ್ರೆ."

ಹೇಳುತ್ತೇನೆಂದೆ. ಹೇಳುವ ಮೊದಲೇ ಅವನ ಬೀದಿಯವರು ತಾರಸಿಯ ಚಿರತೆಯನ್ನು ಗುರುತಿಸಿ ಕಚೇರಿಗೆ ಫೋನು ಮಾಡಿದ್ದರು. ಸಂಪಾದಕರು ಒಳಗೆ ಕರೆದರು. ಈ ಸಲ ಬಹುವಚನ.

"ಇದು ಗೊಂಬೆ ಅಂತ ನಿಮಗೆ ಗೊತ್ತಿತ್ತೇನ್ರೀ?"

"ಇಲ್ಲ ಸರ್. ನಿಜ ಅಂತಲೇ ಕೊಟ್ಟ."

ಸ್ಪಷ್ಟೀಕರಣವನ್ನು ಬರೆದವನೂ ನಾನೇ. 'ಪತ್ರಿಕೆಯನ್ನು ದಾರಿ ತಪ್ಪಿಸಿದ ಕಿಡಿಗೇಡಿ' ಎಂದು ಬರೆದೆ. ಹೆಸರು ಹಾಕಲಿಲ್ಲ — ಹಾಕುವ ಅಗತ್ಯವೇ ಇರಲಿಲ್ಲ, ಅವನ ಬೀದಿಗೆಲ್ಲ ಗೊತ್ತಿತ್ತು. ಪೊಲೀಸರು ಕರೆಸಿ ಬೈದು ಕಳಿಸಿದರು. ಶಾಲೆಯವರು ಇನ್ನು ಬರಬೇಡಿ ಎಂದರು. ನಾನು ಅವನ ಮನೆಗೆ ಹೋದಾಗ ತಾರಸಿಯ ಮೇಲೆ ಕೂತು ಒಂದೊಂದೇ ಮನೆಯನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದ. "ಸಂಪಾದಕರೇ ಹಾಗೆ ಬರೆಸಿದರು, ನಿನ್ನ ಹೆಸರನ್ನಾದರೂ ತೆಗೆಸಿದೆ," ಎಂದೆ. ಎರಡನೆಯ ಸುಳ್ಳು. ಮೊದಲನೆಯದನ್ನು ಭಯದಲ್ಲಿ ಹೇಳಿದ್ದೆ. ಇದನ್ನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದು ಹೇಳಿದೆ.

ಆ ಕಿರುಚಿತ್ರ ಮುಗಿಯಲಿಲ್ಲ. ಮಹದೇವ ಈಗ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಅಕ್ಷರ ಜೋಡಿಸುತ್ತಾನೆ. ಮತ್ತೆ ಮಣ್ಣು ಮುಟ್ಟಿಲ್ಲ. ಆಗೀಗ ಹೋಗುತ್ತೇನೆ, ಟೀ ತರಿಸುತ್ತಾನೆ. ಕಳೆದ ವಾರ ತಾನಾಗಿಯೇ ಆ ಮಾತು ತೆಗೆದ.

"ನೀನಿದ್ದುದ್ಕೆ ಪೇಪರ್‌ನಲ್ಲಿ ನನ್ನೆಸ್ರು ಬರ್ನಿಲ್ಲ ಕಣ್ಲಾ. ಬಂದಿದ್ರೆ ನಮ್ಮವ್ವ ತಡ್ಕೊತಿರ್ನಿಲ್ಲ. ಸ್ಟೇಷನ್‌ನಲ್ಲಿ ನಾನೂ ನಿನ್ನೆಸ್ರು ಎತ್ನಿಲ್ಲ. ನಿನ್ ಕೆಲ್ಸ ಓಗ್ಬುಡೋದು."

"ಅದೆಲ್ಲ ಈಗ್ಯಾಕೋ, ಬಿಡು," ಎಂದೆ. ಅವನ ಕೃತಜ್ಞತೆಯನ್ನೂ ಟೀ ಜೊತೆ ಕುಡಿದು ಎದ್ದುಬಂದೆ.

ಈ ಬರಹ ಅಚ್ಚಿಗೆ ಹೋಗುವ ಮೊದಲು ಅವನ ಅಂಗಡಿಗೆ ಹೋಗಿ, ಎದುರಿಗೆ ನಿಂತು, ಪೂರ್ತಿ ಓದಿ ಹೇಳುತ್ತೇನೆ. ಅವನು ಬೈಯಬಹುದು. ಬೈಯದೆಯೂ ಇರಬಹುದು — ನನಗೆ ಅದರದ್ದೇ ಹೆದರಿಕೆ.

ಅಂದು ನಾನು ಬರೆದ ಸ್ಪಷ್ಟೀಕರಣಕ್ಕೆ ಒಂದು ತಿದ್ದುಪಡಿ ಬಾಕಿ ಇದೆ: ಮಹದೇವ ಯಾರನ್ನೂ ದಾರಿ ತಪ್ಪಿಸಲಿಲ್ಲ. ಅವನೊಂದು ಚಿರತೆಯನ್ನು ಮಾಡಿದ, ಅಷ್ಟೆ. ಸುಳ್ಳು ಹೇಳಿದವನು ನಾನು.