ಬೊಳ್ಳಿಯ ಕಿವಿಯ ಬಿಲ್ಲೆ

ಬೆಳಗ್ಗೆ ಹಟ್ಟಿಗೆ ಹೋದ ತೆರೆಜಾ ಚೊಂಬಿನ ನೀರಿನಲ್ಲಿ ಹೆಬ್ಬೆರಳು ಅದ್ದಿ, ಮೊದಲು ಹಸುವಿನ ಹಣೆಗೆ, ಆಮೇಲೆ ಕರುವಿನ ಹಣೆಗೆ ಶಿಲುಬೆಯ ಗುರುತು ಹಾಕದೆ ಹಾಲು ಕರೆಯಲು ಕುಳಿತದ್ದೇ ಇಲ್ಲ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ, ಮಗಳು ಕ್ಲಾರಾಳ ಮದುವೆಯ ದಿನವೂ ತಪ್ಪಿಸಲಿಲ್ಲ. ಗಂಡ ಸಾಲ್ವದೊರ್ ಜಗಲಿಯಿಂದಲೇ ಕೇಳುತ್ತಿದ್ದ, "ಇಷ್ಟು ವರ್ಷದಲ್ಲಿ ನನ್ನ ಹಣೆಗೆ ಒಂದು ದಿನ ಹಾಕಿದ್ದೀಯಾ?"

"ನೀವು ಹಾಲು ಕೊಡ್ತೀರಾ?" ಎಂದು ಅವಳು ಹಿಂತಿರುಗಿ ನೋಡದೆ ಹೇಳುವಳು.

ಆ ಆಷಾಢದ ಬೆಳಗ್ಗೆ ಸಾಲ್ವದೊರ್ ಏನೂ ಕೇಳಲಿಲ್ಲ. ತೆರೆಜಾ ಹಸು ರೋಜಿಯ ಹಣೆ ಮುಟ್ಟಿದಳು. ಒದ್ದೆ ಬೆರಳು ಅಭ್ಯಾಸಬಲದಿಂದ ಪಕ್ಕದ ಗೂಟದ ಕಡೆಗೂ ಹೋಯಿತು. ಅಲ್ಲಿ ಹಗ್ಗ ಮಾತ್ರ ಇತ್ತು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಕುಳಿತಳು. ರೋಜಿ ಒಮ್ಮೆ ಕೂಗಿ, ಬಾಗಿಲ ಕಡೆ ನೋಡಿ, ಹಾಲು ಬಿಡದೆ ಮೇಲಕ್ಕೆಳೆದುಕೊಂಡಿತು.

ಬೊಳ್ಳಿ ಹಿಂದಿನ ದಿನ ಮಧ್ಯಾಹ್ನ ಸತ್ತಿತ್ತು. ನೆತ್ತಿಯಲ್ಲಿ ಬಿಳಿ ಚುಕ್ಕೆ ಇದ್ದ ಹೆಣ್ಣು ಕರು. ರಕ್ತಭೇದಿ. ಡಾಕ್ಟರು ಮುಳ್ಳೇರಿಯದಿಂದ ಮಳೆಯಲ್ಲೇ ಬಂದು ಇಂಜೆಕ್ಷನ್ ಕೊಟ್ಟಿದ್ದರು. ಅವರ ಕಡೆಯಿಂದ ಏನೂ ಕೊರತೆ ಆಗಲಿಲ್ಲ. ಸಾಲ್ವದೊರ್ ಗೇರುಮರದ ಬುಡದಲ್ಲಿ ಗುಂಡಿ ತೋಡಿದ. ಉಬ್ಬಸದವನು, ನಾಲ್ಕು ಸಲ ಹಾರೆ ಎತ್ತಿದರೆ ಒಂದು ಸಲ ಕೂರಬೇಕು. ಮಣ್ಣು ಮುಚ್ಚುವ ಮೊದಲು ಕರುವಿನ ಕಿವಿಯಲ್ಲಿದ್ದ ಹಳದಿ ಬಿಲ್ಲೆಯನ್ನು ಒಡೆಯದಂತೆ ಬಿಡಿಸಿ ತೆಗೆದು, ತೊಳೆದು, ಒಳಗೆ ಪೀಠದ ಮೇಲೆ ಮಾತೆಯ ಪಟದ ಹತ್ತಿರ ಇಟ್ಟ.

ಆ ಬಿಲ್ಲೆಯಿಂದ ಅವರ ಸಂಸಾರ ನಡೆಯುತ್ತಿತ್ತೆಂದರೆ ಹೆಚ್ಚಾಗಲಾರದು. ಜಾತಿ ಹಸುವಿನ ಹೆಣ್ಣು ಕರುಗಳಿಗೆ ಅವು ಬೆಳೆದು ಕರು ಹಾಕುವವರೆಗೆ ಸರ್ಕಾರ ಅರ್ಧ ಕ್ರಯಕ್ಕೆ ಹಿಂಡಿ ಕೊಡುತ್ತಿತ್ತು. ಊರಿನ ಹಾಲಿನ ಸೊಸೈಟಿಗೆ ಇಂತಿಷ್ಟೇ ಕರುಗಳೆಂದು ಲೆಕ್ಕ. ಆಯ್ದ ಕರುವಿನ ಕಿವಿಗೆ ಬಿಲ್ಲೆ. ಬಿಲ್ಲೆ ಇದ್ದವರಿಗೆ ಹಿಂಡಿಯ ಗೋಣಿ. ಹಿಂಡಿ ಕರುವಿನದ್ದು. ಆದರೆ ಕರೆಯುವ ಹಸುವಿನ ಬಾನಿಗೆ ಅದರಿಂದ ಎರಡು ಹಿಡಿ ಹಾಕದವರು ಊರಲ್ಲಿ ಯಾರೂ ಇರಲಿಲ್ಲ. ಸರ್ಕಾರದ ಕಣ್ಣು ಕರುವಿನ ಮೇಲೆ. ಕರು ತಾಯಿಯಾದ ಮೇಲೆ ಅದನ್ನು ಕೇಳುವವರಿಲ್ಲ.

ತೆರೆಜಾ ಒಮ್ಮೆ ಇದನ್ನು ಪಾಪನಿವೇದನೆಯಲ್ಲಿ ಹೇಳಿಯೂ ಹೇಳಿದ್ದಳು. ಇಗರ್ಜಿಯ ಮುದಿ ಪಾದ್ರಿಗಳು ರೈತರ ಮನೆಯಿಂದಲೇ ಬಂದವರು. "ಕರುವಿಗೆ ಹಾಲು ಬಿಡ್ತೀಯೋ?" ಎಂದು ಕೇಳಿದರು.

"ಬಿಡ್ತೇನೆ ಫಾದರ್."

"ಹಾಗಾದರೆ ತಿರುಗಿ ಕರುವಿನ ಹೊಟ್ಟೆಗೇ ಬಂತಲ್ಲ. ಬೇರೆ ಎಂತ ಪಾಪ ಉಂಟು, ಹೇಳು."

ಇದನ್ನು ಅವಳು ನೆರೆಯ ಸುಂದರಿಗೆ ಹೇಳಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆದರೆ ಸುಂದರಿಯ ಕರುವಿಗೆ ಬಿಲ್ಲೆ ಸಿಕ್ಕಿರಲಿಲ್ಲ. ಸರದಿಯಲ್ಲಿ ಮುಂದಿನ ಹೆಸರು ಅವಳದ್ದೆಂದು ಎರಡು ಮಳೆಗಾಲದಿಂದ ಕೇಳುತ್ತಲೇ ಇದ್ದಳು.

ಅರ್ಧ ತುಂಬಿದ ಕ್ಯಾನು ಹಿಡಿದು ತೆರೆಜಾ ಹೊರಟಾಗ ಸಾಲ್ವದೊರ್ ಪೀಠದಿಂದ ಬಿಲ್ಲೆ ತೆಗೆದು ಅವಳ ಕೈಗಿತ್ತ.

"ಸೊಸೈಟಿಯಲ್ಲಿ ವೆಂಕಟಕೃಷ್ಣರು ಎಂತ ಹೇಳ್ತಾರೆ, ಕೇಳು. ನೀನಾಗಿ ಎಂತದೂ ಹೇಳಲಿಕ್ಕೆ ಹೋಗಬೇಡ."

"ಕರು ಸತ್ತದ್ದು ಹೇಳಬೇಡವಾ?"

"ಗೋಣಿ ನಿಂತರೆ ರೋಜಿಯನ್ನು ಎಂತದರಲ್ಲಿ ಸಾಕುವುದು? ಕ್ರಿಸ್ಮಸಿನೊಳಗೆ ದನದ ದಲ್ಲಾಳಿ ಬಂದು ನಿಲ್ತಾನೆ." ಅವನು ಉಸಿರೆಳೆದುಕೊಂಡ. "ಇದು ಭಿಕ್ಷೆ ಅಂತ ತಿಳಿಯಬೇಡ, ತೆರೆಜ್. ಪೇಟೆಯವನಿಗೆ ಅಗ್ಗದಲ್ಲಿ ಚಾ ಆಗಬೇಕು. ಹಾಲಿನ ಕ್ರಯ ನಾವು ಹೇಳಲಿಕ್ಕೆ ಉಂಟಾ? ಸಬ್ಸಿಡಿ ಅವನ ಚಾಕ್ಕೆ. ನಮ್ಮ ಕೈಯಲ್ಲಿ ದಾಟಿ ಹೋಗ್ತದೆ ಅಷ್ಟೆ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲವೆಂದು ಅವಳಿಗೂ ಅನ್ನಿಸಿತು. ಬಿಲ್ಲೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಗುಡ್ಡ ಇಳಿದಳು. ಕಾಲು ಭಾರವಾಗಿತ್ತು. ಈ ದಾರಿಯಲ್ಲಿ ಇನ್ನೆಷ್ಟು ವರ್ಷ ಕ್ಯಾನು ಹೊರಬೇಕೋ ಎಂದು ಅವಳು ದೇವರಲ್ಲಿ ಎಂದೂ ಕೇಳಿದವಳಲ್ಲ. ಆ ದಿನ ಕೇಳಿದಳು.

ಸೊಸೈಟಿಯ ಮಾಡಿನ ಕೆಳಗೆ ಆಗಲೇ ಚರ್ಚೆ ಏರಿತ್ತು. ಅಡಿಕೆ ತೋಟದ ಶಿವಸುಬ್ರಹ್ಮಣ್ಯ ಭಟ್ಟರು ಕೊಡೆ ಮಡಚುತ್ತಾ, "ಎಲ್ಲದಕ್ಕೂ ಸರ್ಕಾರ ಕೊಡಬೇಕು ಅಂದರೆ ಹೇಗೆ ಮಾರಾಯ್ರೆ? ಕೊಟ್ಟು ಕೊಟ್ಟು ಜನ ಬೆನ್ನು ಬಗ್ಗಿಸುವುದೇ ಬಿಟ್ಟಿದ್ದಾರೆ. ಸಬ್ಸಿಡಿ ನಿಲ್ಲಿಸಬೇಕು. ಕೃಷಿ ತನ್ನ ಕಾಲ ಮೇಲೆ ನಿಲ್ಲಲಿ" ಎನ್ನುತ್ತಿದ್ದರು.

"ನಿಲ್ಲಿಸಲಿ ಭಟ್ರೆ," ಎಂದಳು ಸುಂದರಿ, ತನ್ನ ಚಿಕ್ಕ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು. "ನಿಮ್ಮ ಅಡಿಕೆಗೆ ಬಿಡುವ ಮೈಲುತುತ್ತು ಅರ್ಧ ಕ್ರಯಕ್ಕೆ ಬಂದದ್ದಲ್ವಾ? ಅದರಿಂದಲೇ ಶುರು ಮಾಡಲಿ."

ನಗು ಎದ್ದಿತು. ಭಟ್ಟರೂ ನಕ್ಕರು. "ಅದು ಬೇರೆ. ಅದು ರೋಗಕ್ಕೆ."

"ನಮ್ಮದೂ ರೋಗಕ್ಕೇ. ಹಸಿವು ಅಂತ ಅದರ ಹೆಸರು. ಕಿವಿಯಲ್ಲಿ ಬಿಲ್ಲೆ ಇದ್ದರೆ ಮಾತ್ರ ಕರುವಿಗೆ ಹೊಟ್ಟೆ ಉಂಟು ಅಂತ ನಿಮ್ಮ ಸರ್ಕಾರಕ್ಕೆ ಗೊತ್ತಾಗುವುದು." ಸುಂದರಿ ತೆರೆಜಾಳ ಕಡೆ ತಿರುಗಿದಳು. "ಎಂತ ಬಾಯಮ್ಮ, ಮುಖ ಹೀಗೆ? ಹಾಲೂ ಕಮ್ಮಿ?"

"ಮಳೆಯಲ್ವಾ," ಎಂದಳು ತೆರೆಜಾ. ಅವಳಿಗೆ ಸುಂದರಿಯ ಕಣ್ಣು ನೋಡಲಾಗಲಿಲ್ಲ.

ಜನ ಕರಗಿದ ಮೇಲೆ ಸೊಸೈಟಿಯ ಕಾರ್ಯದರ್ಶಿ ವೆಂಕಟಕೃಷ್ಣ ಅವಳನ್ನು ಒಳಗೆ ಕರೆದ. ಒಳ್ಳೆಯ ಮನುಷ್ಯ, ಸಾಲ್ವದೊರ್ ಆಸ್ಪತ್ರೆಯಲ್ಲಿದ್ದಾಗ ಅವರ ಮನೆಯ ಹಾಲನ್ನು ತಾನೇ ಸೈಕಲಿನಲ್ಲಿ ತಂದವನು. ಸುದ್ದಿ ಡಾಕ್ಟರ ಬಾಯಿಯಿಂದ ಅವನಿಗೆ ತಲುಪಿತ್ತು.

"ಬೇಜಾರು ಮಾಡಬೇಡಿ ಬಾಯಮ್ಮ. ಒಂದು ದಾರಿ ಉಂಟು. ಡಾಕ್ಟರಲ್ಲಿ ನಾನು ಮಾತಾಡಿದ್ದೇನೆ. ಭಟ್ಟರ ಹಟ್ಟಿಯಲ್ಲಿ ಬೊಳ್ಳಿಯ ಪ್ರಾಯದ್ದೇ ಕರು ಉಂಟು. ಜಾಗ ಜಾಸ್ತಿ ಇರುವ ಕಾರಣ ಅವರಿಗೆ ಗೋಣಿ ಸಿಗುವುದಿಲ್ಲ. ಅದನ್ನು ನಿಮ್ಮಲ್ಲಿ ಕಟ್ಟಿ, ಆ ಬಿಲ್ಲೆಯನ್ನು ಅದರ ಕಿವಿಗೆ ಹಾಕುವ. ಸಾಕಿದ್ದಕ್ಕೆ, ಅದು ಕರು ಹಾಕಿದಾಗ ಮೊದಲ ಸಲದ ಹಾಲು ನಿಮಗೇ, ಆಮೇಲೆ ದನ ಅವರಿಗೆ. ಅವರು ಒಪ್ಪಿದ್ದಾರೆ."

"ಭಟ್ಟರಾ?" ತೆರೆಜಾಳಿಗೆ ನಗು ಬಂತು, ಅರ್ಧದಲ್ಲೇ ನಿಂತಿತು. "ಈಗ ಸಬ್ಸಿಡಿ ಬೇಡ ಅಂತ ಹೇಳಿ ಹೋದರಲ್ಲ."

"ಅದು ಭಾಷಣ. ಇದು ಕರು."

ಹೊರಗೆ ಮಳೆ ಜೋರಾಯಿತು. ಅವಳು ಬೆಂಚಿನ ತುದಿಯಲ್ಲಿ ಕುಳಿತಳು. ಮಾಡಬಾರದ್ದೇನೂ ಅಲ್ಲವೆಂದು ಒಂದು ಮನಸ್ಸು ಹೇಳಿತು. ಕರುವಿಗೆ ಹಿಂಡಿ, ರೋಜಿಗೆ ಎರಡು ಹಿಡಿ, ದಲ್ಲಾಳಿ ದೂರ. ಗಂಡನಿಗೆ ರಾತ್ರಿ ನಿದ್ರೆ. ಅವಳಿಗೆ ತುಂಬ ಆಯಾಸವಾಗಿತ್ತು. ಹೂಂ ಎಂದುಬಿಟ್ಟರೆ ಆಯಾಸವೆಲ್ಲ ಅಲ್ಲೇ ಇಳಿದುಹೋಗುವ ಹಾಗಿತ್ತು.

"ಬೊಳ್ಳಿ ಸತ್ತಿತು ಅಂತ ಬರೆದರೆ ಗೋಣಿ ಯಾರಿಗೆ ಹೋಗ್ತದೆ?" ಎಂದು ಕೇಳಿದಳು.

ವೆಂಕಟಕೃಷ್ಣ ತಡೆದು ಹೇಳಿದ. "ಸುಂದರಿಗೆ. ಆದರೆ ಅವಳದ್ದು ಮುಂದಿನ ಸಲ ನಾನೇ ಸರಿ ಮಾಡಿ ಕೊಡ್ತೇನೆ. ಅವಳಿಗೆ ಗೊತ್ತಾಗುವ ಸಂಗತಿಯೇ ಅಲ್ಲ."

ತೆರೆಜಾ ಸೆರಗಿನ ಗಂಟು ಬಿಚ್ಚಿದಳು. ಗಂಟು ನೆನೆದು ಬಿಗಿದುಕೊಂಡಿತ್ತು, ಹಲ್ಲು ಹಾಕಬೇಕಾಯಿತು. ಬಿಲ್ಲೆಯನ್ನು ಅವನ ಮೇಜಿನ ಮೇಲಿಟ್ಟಳು.

"ನೀವು ನನಗೆ ಕೆಟ್ಟದ್ದು ಎಣಿಸಿದವರಲ್ಲ, ವೆಂಕಟಕೃಷ್ಣರೆ. ಆದರೆ ಬೆಳಗಾದರೆ ಆ ಕರುವಿನ ಹಣೆಗೂ ನಾನು ಶಿಲುಬೆ ಹಾಕಬೇಕಲ್ಲ. ಇನ್ಸ್‌ಪೆಕ್ಟರು ಕರು ನೋಡಲಿಕ್ಕೆ ಬಂದಾಗ ಅದನ್ನೇ ಬೊಳ್ಳಿ ಅಂತ ಕರೆಯಬೇಕು. ರೋಜಿ ಅಲ್ಲೇ ನಿಂತು ನನ್ನನ್ನು ನೋಡ್ತದೆ. ಸುಂದರಿ ಬೇಲಿಯ ಆಚೆಯಿಂದ ನೋಡ್ತಾಳೆ."

"ರೋಜಿಯನ್ನು ಕೊಡಬೇಕಾಗಿ ಬಂದರೆ?"

"ಬಂದರೆ ಕೊಡುವುದು." ಅವಳು ಖಾಲಿ ಕ್ಯಾನು ಎತ್ತಿಕೊಂಡಳು. "ಮನೆಯಲ್ಲಿ ಅವರಿಗೆ ಎಂತ ಹೇಳಬೇಕು ಅಂತ ಮಾತ್ರ ಗೊತ್ತಾಗುವುದಿಲ್ಲ. ದಾರಿಯಲ್ಲಿ ಹೊಳೆಯಬಹುದು."

ವೆಂಕಟಕೃಷ್ಣ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ, "ಎರಡು ದಿನ ಇದು ಇಲ್ಲೇ ಇರಲಿ ಬಾಯಮ್ಮ, ಯೋಚನೆ ಮಾಡಿ ಬನ್ನಿ" ಎಂದ.

"ಬೇಡ," ಎಂದಳು ತೆರೆಜಾ. "ಇವತ್ತೇ ಬರೆಯಿರಿ. ಎರಡು ದಿನ ಬಿಟ್ಟರೆ ನಾನು ಹೂಂ ಅಂತೇನೆ."